010 ಬರೆದರೆ 8 ಬಂತು!
ನಮ್ಮ ಬೀದಿಯ ಕಂಪ್ಯೂಟರ್ ಕ್ಲಾಸಿಗೆ ಎರಡು ತಿಂಗಳು ಸಿ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ಹೋಗಿದ್ದೆ. ಲ್ಯಾಬಿನ ಕೀಬೋರ್ಡಲ್ಲಿ ಸೆಮಿಕೋಲನ್ ಎಷ್ಟು ಒತ್ತಿದರೂ ಬೀಳಲ್ಲ. ಹೆಚ್ಚುಕಡಿಮೆ ಪ್ರತಿ ಸಾಲಿನ ಕೊನೆಗೂ ಅದು ಬೇಕಾದ ಸಿ ಕಲಿಯೋರಿಗೆ ಇದಕ್ಕಿಂತ ಶಿಕ್ಷೆ ಬೇಕಾ?

ಮೇಡಂ ಪಾಠ ಮಾತ್ರ ಸೊಗಸು. ಸಾಲು ನೇರ ಕಾಣಲಿ ಅಂತ ರೋಲ್ ನಂಬರನ್ನು 010 ಅಂತ ಬರೆದಿದ್ದೆ, ಪರದೆ ಮೇಲೆ 8 ಬಂತು! "ಮುಂದೆ ಸೊನ್ನೆ ಇಟ್ಟರೆ ಅದು ಆಕ್ಟಲ್, 0ರಿಂದ 7ರವರೆಗಿನ ಅಂಕಿ ಮಾತ್ರ ಇರೋ ಎಂಟರ ಲೆಕ್ಕ ಕಣಮ್ಮಾ" ಅಂದರು. ಪಕ್ಕದವನ 009ಕ್ಕೆ, ನಾವು ಬರೆದದ್ದನ್ನ ಯಂತ್ರದ ಭಾಷೆಗೆ ತಿರುಗಿಸೋ ಕಂಪೈಲರೇ ಬೈಯ್ತು, ಆಕ್ಟಲಲ್ಲಿ 9 ಎಲ್ಲಿದೆ? ಒಂಟಿ ಉದ್ಧರಣ ಚಿಹ್ನೆ (ಕೋಟ್) ಒಳಗಿನ ಇಂಗ್ಲಿಷ್ ದೊಡ್ಡ 'A' ಸಿಗೆ ಬರೀ 65, ಅಂದರೆ ಆ ಅಕ್ಷರದ ಸಂಖ್ಯೆ. ಜೋಡಿ ಕೋಟ್ ಒಳಗಿನ "A" ಆದರೆ, ಪದ ಮುಗೀತು ಅಂತ ತೋರಿಸೋ ಕೊನೆಯ ಸೊನ್ನೆಯೂ ಸೇರಿ ಎರಡು ಬೈಟ್. ಬೋರ್ಡ್ ಮೇಲೆ ಡಬ್ಬಿ ಬರೆದೇ ತೋರಿಸಿದರು.

ಒಂದು ಬೆಲೆಗೆ ಹೆಸರಿಡೋ ಹ್ಯಾಶ್ ಡಿಫೈನ್ (#define) ಸಾಲಿನ ಕೊನೆಗೆ, ಬೇಡದ ಸೆಮಿಕೋಲನ್ ಹಾಕಿ ಅರ್ಧ ಗಂಟೆ ಒದ್ದಾಡಿದ್ದೂ ಇಲ್ಲೇ. ಬೇಡದಾಗ ಮಾತ್ರ ಆ ಕೀ ಸರಿಯಾಗಿ ಬೀಳುತ್ತೆ!

ಐದಕ್ಕೆ ನಾಲ್ಕು ಸ್ಟಾರ್. ಕಿಟಕಿ ಪಕ್ಕದ ಸಿಸ್ಟಮ್‌ಗೆ ಮಾತ್ರ ಕೂರಬೇಡಿ.