ತೋಟ ದಾಟಿ ಬರುವ ವೈಫೈ: ಮೂರು ಮಳೆಗಾಲ ಬಳಸಿದ ಮೇಲೆ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆ ಇರುವುದು ರಸ್ತೆಯಿಂದ 600 ಮೀಟರ್ ಒಳಗೆ, ಅಡಿಕೆ ತೋಟದ ಆಚೆ. ಫೈಬರ್ ಬಂದದ್ದು ರಸ್ತೆ ಬದಿಯ ದೊಡ್ಡಪ್ಪನ ಮನೆವರೆಗೆ ಮಾತ್ರ. ಅಲ್ಲಿಂದ ತೋಟದ ಮೇಲೆ ಎಳೆದ ಕೇಬಲನ್ನು ಒಮ್ಮೆ ಮಂಗಗಳು ಹರಿದವು, ಎರಡು ಸಲ ಮರ ಬಿದ್ದು ತುಂಡಾಯಿತು. ಕೊನೆಗೆ ಎರಡೂ ಮನೆಯ ಮಾಡಿನ ಪಕ್ಕ ಕಂಬ ನಿಲ್ಲಿಸಿ, ಎದುರುಬದುರಾಗಿ 5 ಗಿಗಾಹರ್ಟ್ಸ್ ರೇಡಿಯೊ, ಅಂದರೆ ಗಾಳಿಯಲ್ಲೇ ಇಂಟರ್ನೆಟ್ ದಾಟಿಸುವ ಪೆಟ್ಟಿಗೆ, ಹಾಕಿಸಿದೆ. ಈ ಬ್ಯಾಂಡ್ (ಅಲೆಗಳ ಪಟ್ಟಿ) ಬಳಸಲು 2018ರಿಂದ ನಮ್ಮಲ್ಲಿ ಲೈಸೆನ್ಸ್ ಬೇಕಿಲ್ಲ.

ನಮಗೆ ಇದರಿಂದ ಆದ ದೊಡ್ಡ ಉಪಕಾರ ಇಂಟರ್ನೆಟ್ಟಿಗಿಂತ ಫೋನು. ಮನೆಯಲ್ಲಿ ಟವರ್ ಸಿಗುವುದಿಲ್ಲ. ಮೊದಲೆಲ್ಲ ಅಮ್ಮ ಮಾತಾಡಬೇಕೆಂದರೆ ಗುಡ್ಡದ ಬ್ಯಾಣ ಹತ್ತಬೇಕಿತ್ತು. ಈಗ ವೈಫೈ ಕಾಲಿಂಗ್‌ನಲ್ಲಿ ಜಗಲಿಯಲ್ಲೇ ಕೂತು ಮಾತಾಡುತ್ತಾರೆ. ಇದೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ.

ಮೊದಲ ಎರಡು ವರ್ಷ ಸಿಗ್ನಲ್ ಮೈನಸ್ 58 ಡಿಬಿಎಂ (ಸಿಗ್ನಲ್ಲಿನ ಬಲದ ಅಳತೆ, ಸೊನ್ನೆಯಿಂದ ಕೆಳಗಿಳಿದಷ್ಟೂ ಬಲ ಕಡಿಮೆ) ಆಸುಪಾಸಿನಲ್ಲಿತ್ತು. ಮೂರನೇ ವರ್ಷ ಆರಿದ್ರಾ ಮಳೆ ಹಿಡಿದ ಮೇಲೆ ಮೈನಸ್ 70ಕ್ಕೆ ಇಳಿಯಿತು. 12 ಡೆಸಿಬೆಲ್ ಇಳಿದರೆ ತಲುಪುವ ಶಕ್ತಿ ಹದಿನಾರರಲ್ಲಿ ಒಂದು ಪಾಲಿಗೆ ಬಂತು ಎಂದರ್ಥ. ವಿಡಿಯೊ ಕರೆ ನಡುವೆ ಕಡಿಯತೊಡಗಿತು. ಎಲ್ಲರೂ ಮಳೆಯನ್ನೇ ದೂರಿದರು. ಜಡಿಮಳೆಗೆ ಟಿವಿ ಡಿಶ್ ನಿಲ್ಲುವುದನ್ನು ಕಂಡವರು ಹಾಗೆ ಅಂದುಕೊಳ್ಳುವುದು ಸಹಜ. ಆದರೆ ಡಿಶ್ಶಿಗೆ ಬರುವ ಅಲೆ 11-12 ಗಿಗಾಹರ್ಟ್ಸಿನದು, ಉಪಗ್ರಹ ಇರುವುದು 36 ಸಾವಿರ ಕಿಲೋಮೀಟರ್ ಮೇಲೆ. 600 ಮೀಟರ್ ದೂರಕ್ಕೆ 5 ಗಿಗಾಹರ್ಟ್ಸಿನಲ್ಲಿ ಮಳೆಹನಿ ಲೆಕ್ಕಕ್ಕೇ ಇಲ್ಲ. ಅಡ್ಡ ಬಂದದ್ದು ಒದ್ದೆ ಸೋಗೆ. ನಡುವೆ ನೆಟ್ಟಿದ್ದ ಎಳೆ ಅಡಿಕೆ ಅಷ್ಟರಲ್ಲಿ ಎತ್ತರಕ್ಕೆ ಬೆಳೆದಿತ್ತು, ಎಲೆಯ ನೀರು ಅಲೆಯನ್ನು ಹೀರುತ್ತಿತ್ತು.

ಕೂರಿಸಿಕೊಟ್ಟವರು "ಆ ಕಂಬ ಕಣ್ಣಿಗೆ ಕಂಡರೆ ಸಾಕು" ಎಂದಿದ್ದರು. ಸಾಲದು. ಅಲೆ ದಾರದಂತೆ ನೇರ ಬರುವುದಿಲ್ಲ, ನಡುವೆ ಹೊಟ್ಟೆಯಂತೆ ಉಬ್ಬುತ್ತದೆ. ನಮ್ಮ ದೂರಕ್ಕೆ ಸರಿಮಧ್ಯದಲ್ಲಿ ನೋಟದ ಗೆರೆಯ ಸುತ್ತ ಸುಮಾರು 2.8 ಮೀಟರ್ ಜಾಗ ಬೇಕು, ಅದರ ಬಹುಪಾಲು ಖಾಲಿ ಇರಲೇಬೇಕು. ಎರಡೂ ಕಡೆ ಕಂಬವನ್ನು ಹತ್ತಡಿ ಏರಿಸಿದೆ. ಪುನರ್ವಸು ಮಳೆ ಸುರಿಯುತ್ತಿದ್ದಾಗಲೇ ಮೈನಸ್ 60 ತೋರಿಸಿತು. ಅಂದು ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಸಿಡಿಲಿನ ಭಯ ಮಾತ್ರ ಹೋಗಿಲ್ಲ. ಕಂಬದಿಂದ ಕೆಳಗಿಳಿಯುವ ತಂತಿ ತಾಮ್ರದ್ದು. ಒಂದು ಭರಣಿ ಮಳೆಯ ಸಂಜೆ ಅಡಾಪ್ಟರೂ ರೌಟರೂ ಒಟ್ಟಿಗೆ ಸುಟ್ಟವು. ಆಮೇಲೆ ಅರ್ಥಿಂಗ್ ಮಾಡಿಸಿದೆ. ಆದರೂ ಗುಡುಗು ದೂರದಲ್ಲಿ ಕೇಳುತ್ತಲೇ ಪ್ಲಗ್ಗನ್ನೂ ಲ್ಯಾನ್ ತಂತಿಯನ್ನೂ ಕಿತ್ತಿಡುತ್ತೇವೆ. ಕರೆಂಟು ಹೋದರೆ ಎರಡೂ ಮನೆಯಲ್ಲಿ ಬ್ಯಾಟರಿ ಇರಬೇಕು, ಒಂದು ಕಡೆ ಇದ್ದರೆ ಪ್ರಯೋಜನವಿಲ್ಲ.

ವೇಗ: ದೊಡ್ಡಪ್ಪನ ಮನೆಯಲ್ಲಿ 100 ಎಂಬಿಪಿಎಸ್ ಇದ್ದರೆ ನಮ್ಮಲ್ಲಿ 65-70. ಕಳಿಸುವುದು, ಪಡೆಯುವುದು ಎರಡೂ ಒಂದೇ ಚಾನೆಲ್ಲಿನಲ್ಲಿ ಸರದಿಯಂತೆ ನಡೆಯುವುದರಿಂದ ಇಷ್ಟು ಸೋರಿಕೆ ಇದ್ದದ್ದೇ. ಮನೆಯೊಳಗೆ ಎರಡಡಿ ಮಣ್ಣಿನ ಗೋಡೆ ದಾಟಲು 2.4 ಗಿಗಾಹರ್ಟ್ಸೇ ಗತಿ. 5 ಗಿಗಾಹರ್ಟ್ಸ್ ಅಲೆ ನಡುಮನೆ ಬಿಟ್ಟು ಅಡುಗೆಮನೆಗೆ ಬರುವುದಿಲ್ಲ.

ಎರಡು ಮನೆಗಳ ನಡುವೆ ಗುಡ್ಡವೋ ದಟ್ಟ ಕಾಡೋ ಇರುವವರು ಇದನ್ನು ಕೊಳ್ಳಬೇಡಿ. ಅಂಥ ಕಡೆ ಖರ್ಚಾದರೂ ಪೈಪಿನೊಳಗೆ ಫೈಬರ್ ಹಾಕಿ ನೆಲದಲ್ಲಿ ಹೂಳುವುದೇ ಸರಿ.