ಟಕ್, ಎಣ್ಣೆ, ಚಾಪೆ: ನನ್ನ ಬೆನ್ನಿನ ಮೂರು ತಿಂಗಳು

ಮೊದಲೇ ಹೇಳಿಬಿಡುತ್ತೇನೆ, ಬೆನ್ನುನೋವಿಗೆ ಮಾಡಿ ನೋಡಿದ ಮೂರು ಚಿಕಿತ್ಸೆಯಲ್ಲಿ ನನ್ನ ಓಟು ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಫಿಸಿಯೋಥೆರಪಿಗೆ. ಆದರೆ ಮೊದಲು ಹೋದದ್ದು ಅಲ್ಲಿಗಲ್ಲ. ಎರಡು ದಿನ ಬೆನ್ನು ಬಾಗಿಸಿ ಅಡಿಕೆ ಸುಲಿದು, ಸೋಮವಾರ ಶಾಲೆಗೆ ಹೊರಡುವಾಗ ಚಪ್ಪಲಿಗೆ ಬಗ್ಗಿದವನು ಗೋಡೆ ಹಿಡಿದು ಹಾಗೇ ನಿಂತೆ. ಅಳಿಯ ಮೊಬೈಲಿನಲ್ಲಿ ವಿಡಿಯೋ ತೋರಿಸಿದ: ಮಗ್ಗುಲಾಗಿ ಮಲಗಿಸಿ ಒಂದು ತಿರುವು, ಟಕ್, ಆಸಾಮಿ ಎದ್ದು ನಗುತ್ತಾನೆ. ಮಂಗಳೂರಿಗೆ ಹೊರಟೆ.

ಈ ಟಕ್ಕಿನ ಹೆಸರು ಕೈರೋಪ್ರಾಕ್ಟಿಕ್, ಕೈಯಿಂದ ಬೆನ್ನೆಲುಬು ತಿರುವಿ ಒತ್ತುವ ಚಿಕಿತ್ಸೆ. ಅದರ ಬಗ್ಗೆ ಸುಳ್ಳು ಹೇಳಬಾರದು, ಮಂಚ ಇಳಿದಾಗ ಬೆನ್ನು ಹಗುರಾಗಿತ್ತು. ಆ ಟಕ್ ಎಲುಬು ಜಾಗಕ್ಕೆ ಕೂತ ಸದ್ದಲ್ಲ, ಬೆರಳಿನ ನೆಟಿಕೆಯ ಹಾಗೆ ಕೀಲಿನ ದ್ರವದಲ್ಲಿ ಗಾಳಿ ಗುಳ್ಳೆಯ ಆಟ. 1895ರಲ್ಲಿ ಅಮೆರಿಕದಲ್ಲಿ ಇದನ್ನು ಶುರು ಮಾಡಿದ ಡಿ.ಡಿ. ಪಾಮರ್, ನೂರರಲ್ಲಿ 95 ರೋಗಕ್ಕೆ ಜರುಗಿದ ಕಶೇರುವೇ (ಬೆನ್ನೆಲುಬಿನ ಮಣಿಯೇ) ಕಾರಣ ಅಂದಿದ್ದರಂತೆ. ನನಗೆ ಬೇಕಾದದ್ದು ಒಂದು ಸೊಂಟ ಮಾತ್ರ. ಕುತ್ತಿಗೆ ಮುಟ್ಟಲು ಬಿಡಲಿಲ್ಲ. ತಿರುವಿನಲ್ಲಿ ರಕ್ತನಾಳ ಹರಿದು ಪಾರ್ಶ್ವವಾಯು ಆದದ್ದುಂಟು, ಅಪರೂಪಕ್ಕಾದರೂ.

ತೊಂದರೆ ಇದ್ದದ್ದು ಬಸ್ಸಿನಲ್ಲಿ. ಹಗುರಾದ ಬೆನ್ನು ಹೊತ್ತು ಹತ್ತಿದರೆ ತಲಪಾಡಿವರೆಗೆ ರಾಜನ ಹಾಗೆ. ಹೊಸಂಗಡಿಗೆ ಬರುವಾಗ ಸೊಂಟದ ಬಲಬದಿ ಎಚ್ಚರವಾಗುತ್ತದೆ, ಉಪ್ಪಳದಲ್ಲಿ ಎದ್ದು ನಿಲ್ಲುತ್ತೇನೆ, ಕುಂಬಳೆಯಲ್ಲಿ ಇಳಿದು ಬದಿಯಡ್ಕದ ಬಸ್ಸಿಗೆ ಕಾಯುವಾಗ ಹೋದಾಗಿನ ಅದೇ ಮನುಷ್ಯ. ಸೀಟಿನ ಕಬ್ಬಿಣ, ಹೊಂಡ, ಬ್ರೇಕು, ಎಲ್ಲ ಸೇರಿ 1,200 ರೂಪಾಯಿಯ ಟಕ್ ವಾಪಸು ತೆಗೆದುಕೊಂಡವು.

ಮೂರು ಸಲವೂ ಇದೇ ಕಥೆ. ಮೂರನೆಯ ಸಲ ಕೌಂಟರಿನಲ್ಲಿ, 'ಹನ್ನೆರಡು ಸಿಟಿಂಗಿನ ಪ್ಯಾಕೇಜು ತಗೊಳ್ಳಿ ಸರ್, ಈಗಲೇ ಕಟ್ಟಿದರೆ ಕಡಿಮೆ' ಅಂದರು. ಹನ್ನೆರಡು ಟಕ್ಕಿಗೆ ಇಪ್ಪತ್ನಾಲ್ಕು ಬಸ್ ಪ್ರಯಾಣ. ನಮಸ್ಕಾರ ಹೇಳಿ ಬಂದೆ.

ಆಮೇಲೆ ಏಳು ದಿನದ ಉಳಿಚ್ಚಿಲ್, ಅಂದರೆ ಮೈಗೆ ಎಣ್ಣೆ ಹಾಕಿ ಉಜ್ಜುವ ಆಯುರ್ವೇದ ಚಿಕಿತ್ಸೆ. ಎಣ್ಣೆಯ ಬಿಸಿ, ಕಿಳಿಯ, ಅಂದರೆ ಬಿಸಿ ಮಾಡಿ ಒತ್ತುವ ಬಟ್ಟೆಗಂಟಿನ, ಸೊಪ್ಪಿನ ಘಮ, ಮಧ್ಯಾಹ್ನದ ಗಂಜಿ. ಸುಖ ಅಂದರೆ ಅದು. ನೋವೂ ಅರ್ಧ ಇಳಿಯಿತು. ರಜೆ ಮತ್ತು 9,000 ರೂಪಾಯಿ ಇದ್ದವರಿಗೆ ಹೇಳಿ ಮಾಡಿಸಿದ್ದು. ನನಗೆ ಎರಡೂ ಮುಗಿದಿದ್ದವು.

ಕೊನೆಗೆ ಹೋದ ಬದಿಯಡ್ಕದ ಫಿಸಿಯೋಥೆರಪಿಯ ಹುಡುಗಿ ಮೊದಲು ಕೇಳಿದ್ದು ಕಾಲಿಗೆ ಜೋಮು ಇಳಿಯುತ್ತದಾ, ಮೂತ್ರಕ್ಕೆ ತೊಂದರೆ ಇದೆಯಾ ಅಂತ. ಇದ್ದರೆ ನೇರ ಡಾಕ್ಟರ ಹತ್ತಿರ ಕಳಿಸುತ್ತಿದ್ದಳಂತೆ. ಮಂಗಳೂರಿನಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಆಮೇಲೆ ನಾನು ಕುರ್ಚಿಯಲ್ಲಿ ಕೂತದ್ದನ್ನು ನೋಡಿ, 'ಮಾಷ್ಟ್ರೇ, ಹಿಂದಿನ ಕಿಸೆಯಲ್ಲಿ ಎಂತ?' ಪರ್ಸು ತೆಗೆದು ಮೇಜಿನ ಮೇಲಿಟ್ಟೆ. ಒಳಗೆ ಎರಡು ವರ್ಷದ ಪೆಟ್ರೋಲ್ ಚೀಟಿ, ರೇಷನ್ ಕಾರ್ಡಿನ ಜೆರಾಕ್ಸು, ಒಂದು ಬೀಗದ ಕೈ. ಅದರ ಮೇಲೆ ಓರೆಯಾಗಿ ಕೂತು ದಿನಕ್ಕೆ ನಲವತ್ತು ಪುಸ್ತಕ ತಿದ್ದುತ್ತಿದ್ದೆ.

ಸಿಟಿಂಗಿಗೆ 300, ನಡೆದು ಹೋಗುವಷ್ಟು ದೂರ. ಕೊಟ್ಟದ್ದು ಮೂರೇ ವ್ಯಾಯಾಮ. ಅದರಲ್ಲೊಂದು, ಚಾಪೆಯ ಮೇಲೆ ಬೋರಲು ಮಲಗಿ ಅಂಗೈ ಊರಿ ಎದೆ ಎತ್ತುವುದು. ಬೇಸರದ ಕೆಲಸ, ಟಕ್ಕೂ ಇಲ್ಲ ಘಮವೂ ಇಲ್ಲ. ಆರನೆಯ ವಾರಕ್ಕೆ ಚಪ್ಪಲಿ ಸಲೀಸಾಗಿ ಹಾಕಿದೆ.

ಮನೆ ಮಂಗಳೂರಲ್ಲೇ ಇದ್ದಿದ್ದರೆ ಟಕ್ಕಿಗೆ ಆಗಾಗ ಹೋಗುತ್ತಿದ್ದೆನೋ ಏನೋ. ಅಡಿಕೆ ಈಗಲೂ ಸುಲಿಯುತ್ತೇನೆ, ಅರ್ಧ ಗಂಟೆಗೊಮ್ಮೆ ಎದ್ದು. ಎದ್ದಾಗೆಲ್ಲ ಅಮ್ಮನಿಗೆ ನಾನು ಚಾ ಕೇಳಲು ಬಂದ ಹಾಗೆ ಕಾಣುತ್ತದೆ.