ಅಕ್ಷರಕ್ಕೆ ರಗಸದಅ, ಮಗ್ಗಿಗೆ ಹಳೆಯ ರಾಗ

ಮಗಳಿಗೆ ಓದು ಕಲಿಸಿದ್ದು ಅ, ಆ, ಇ, ಈ ಕ್ರಮದಲ್ಲಿ. ಮಗನಿಗೆ ರ, ಗ, ಸ, ದ, ಅ ಕ್ರಮದಲ್ಲಿ. ಮೊದಲೇ ಯೋಚಿಸಿ ಮಾಡಿದ್ದಲ್ಲ. ಮಗಳ ಕಾಲಕ್ಕೆ ಮನೆಯಲ್ಲಿದ್ದದ್ದು ಗೋಡೆಗೆ ತೂಗುಹಾಕುವ ವರ್ಣಮಾಲೆಯ ಪಟ. ಮಗ ಸೇರಿದ್ದು ಸರ್ಕಾರಿ ಶಾಲೆಯಲ್ಲಿ ಆಟ, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ತರಗತಿಗೆ. ಈ ಸಾಲು ಅವನ ಜತೆಯಲ್ಲೇ ಮನೆಗೆ ಬಂತು. ಮಗ್ಗಿಯಲ್ಲೂ ಎರಡು ಮೂರು ದಾರಿ ಹಿಡಿದು ನೋಡಿದೆವು. ನನ್ನ ತೀರ್ಪು ಇಷ್ಟು: ಓದಿಗೆ ಹೊಸ ದಾರಿಯೇ ಸರಿ, ಮಗ್ಗಿಗೆ ಹಳೆಯದೇ ಸರಿ. ತಮ್ಮನಿಗೆ ಅಕ್ಕನ ಓದು ಮೊದಲೇ ಕಿವಿಗೆ ಬಿದ್ದಿತ್ತು ಎಂಬುದನ್ನು ಲೆಕ್ಕದಿಂದ ಕಳೆದರೂ ಇದು ಬದಲಾಗುವುದಿಲ್ಲ.

ವರ್ಣಮಾಲೆಯಲ್ಲಿ 49 ಅಕ್ಷರ, ಅದರಲ್ಲಿ 13 ಸ್ವರ. ಹದಿಮೂರನ್ನೂ ಕಲಿತ ಮಗುವಿಗೆ ‘ಆ’, ‘ಈ’ ಬಿಟ್ಟರೆ ಓದಲು ಒಂದು ಪದವೂ ಸಿಗುವುದಿಲ್ಲ. ಋಷಿಯ ಚಿತ್ರ ತೋರಿಸಿದರೆ ಮಗಳು ‘ಋ’ ಎನ್ನುತ್ತಿದ್ದಳು, ಚಿತ್ರದ ಮೇಲೆ ಕೈ ಮುಚ್ಚಿದರೆ ಸುಮ್ಮನಾಗುತ್ತಿದ್ದಳು. ಮುಂದೆ ವ್ಯಂಜನಗಳಿಗೆ ಬಂದರೆ ಕ-ವರ್ಗದ ಕೊನೆಯಲ್ಲಿ ಙ, ಚ-ವರ್ಗದ ಕೊನೆಯಲ್ಲಿ ಞ ಕಾದು ಕುಳಿತಿರುತ್ತವೆ. ದಿನಪತ್ರಿಕೆ ಓದುವ ದೊಡ್ಡವರಿಗೇ ಅಪರೂಪಕ್ಕೆ ಎದುರಾಗುವ ಅಕ್ಷರಗಳನ್ನು ಐದು ವರ್ಷದ ಮಗುವಿನ ಮುಂದೆ ಮೊದಲು ಇಡುವುದೇಕೋ!

ನಲಿಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, ಆಂಧ್ರದ ಋಷಿ ವ್ಯಾಲಿ ಶಾಲೆಗಳ ಮಾದರಿ ನೋಡಿ ಶುರುವಾದದ್ದು. ಅದರ ಅಕ್ಷರಕ್ರಮದ ಸೊಗಸು ಗೊತ್ತಾಗುವುದು ಮೊದಲ ಐದೇ ಅಕ್ಷರಗಳಲ್ಲಿ. ಸರ, ದರ, ಅರಸ, ಅಗಸ, ಗರಗಸ. ಕಾಗುಣಿತ ಬೇಡ, ಒತ್ತಕ್ಷರ ಬೇಡ, ಪದ ಓದಿ ಆಯಿತು. ಮಗನಿಗೆ ‘ಗರಗಸ’ ಎಷ್ಟು ಹಿಡಿಸಿತೆಂದರೆ ಬಾಗಿಲು, ಪಾಟಿ, ಅಜ್ಜಿಯ ಪಂಚಾಂಗ ಯಾವುದರ ಮೇಲೂ ಅದನ್ನು ಬರೆಯದೆ ಅವನು ಬಿಡಲಿಲ್ಲ. ಮುಂದಿನ ಗುಂಪು ಜ, ವ, ಮ, ಬ, ನ. ಈಗ ಮರ, ಜನ, ವನ, ಬಸವ, ನಗರ. ದಾವಣಗೆರೆಯ ರಸ್ತೆಗಳಲ್ಲಿ ‘ನಗರ’ ಎಂಬ ಫಲಕಗಳಿಗೆ ಬರವಿಲ್ಲ, ಹಾಗಾಗಿ ಅಭ್ಯಾಸಕ್ಕೂ ಬರವಿರಲಿಲ್ಲ.

ಈ ಕ್ರಮದಲ್ಲೂ ಒಂದು ತೊಡಕಿದೆ. ವ ಮತ್ತು ಮ ಒಂದೇ ಗುಂಪಿನಲ್ಲಿವೆ. ಬರೆಯುವ ಕೈಗೆ ಇದು ಅನುಕೂಲ, ವ ಬರೆದವನಿಗೆ ಮ ಕಷ್ಟವಲ್ಲ. ಓದುವ ಕಣ್ಣಿಗೆ ಮಾತ್ರ ಗೊಂದಲ. ‘ವರ’ವನ್ನು ಅವನು ‘ಮರ’ ಎಂದೇ ಓದುತ್ತಿದ್ದ. ಮನೆಯಲ್ಲಿ ನಾನು ಮ ಗಟ್ಟಿಯಾಗುವ ತನಕ ವ-ವನ್ನು ಪಕ್ಕಕ್ಕಿಟ್ಟೆ. ಆಮೇಲೆ ಪ, ಷ ಬಂದಾಗಲೂ ಹಾಗೆಯೇ ಮಾಡಿದೆ.

ಎರಡು ಕ್ರಮಗಳೂ ಸೋಲುವ ಜಾಗ ಒಂದಿದೆ: ಒತ್ತಕ್ಷರ. ಮಗುವಿಗೆ ಮೊದಲು ಓದಬೇಕೆನಿಸುವ ಪದಗಳು ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ. ಎಲ್ಲದರಲ್ಲೂ ಒತ್ತು! ಪಾಠದ ಸರದಿ ಕಾದರೆ ಅಮ್ಮನನ್ನು ಓದಲು ತಿಂಗಳುಗಟ್ಟಲೆ ಬೇಕು. ನಾನು ಕಾಯಲಿಲ್ಲ, ಈ ಐದು ಪದಗಳನ್ನು ಬಿಡಿಸದೆ ಇಡಿಯಾಗಿಯೇ ಚೀಟಿಯಲ್ಲಿ ಬರೆದು ತೋರಿಸಿದೆ. ಒತ್ತುಗಳನ್ನು ಕಲಿಸುವಾಗ ತ, ನ, ಮ, ಯ, ರ, ಲ ಈ ಆರಕ್ಕೆ ಹೆಚ್ಚು ಸಮಯ ಕೊಡಬೇಕು. ಉಳಿದವು ಮೂಲ ಅಕ್ಷರದ ಹಾಗೆಯೇ ಕಾಣುತ್ತವೆ, ಇವಕ್ಕೆ ಬೇರೆಯದೇ ರೂಪ.

ವರ್ಣಮಾಲೆ ಬೇಡವೇ ಬೇಡ ಎನ್ನುತ್ತಿಲ್ಲ. ನಿಘಂಟು ತೆರೆದರೆ ಮಗಳು ಸರಸರನೆ ಪುಟ ತಿರುವುತ್ತಾಳೆ, ಮಗ ತಡಕಾಡುತ್ತಾನೆ. ಆದರೆ ನಿಘಂಟು ಬೇಕಾಗುವುದು ಮೂರನೆಯ ತರಗತಿಯ ನಂತರ. ಓದು ಕೂಡಿಬಂದ ಮೇಲೆ ಇಬ್ಬರಿಗೂ ಒದಗಿದ್ದು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣ. ಕನ್ನಡದ ಮಕ್ಕಳ ಕತೆಗಳು ಹಂತಹಂತವಾಗಿ ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು.

ಇನ್ನು ಮಗ್ಗಿ. ಮೊಬೈಲ್ ಆಪ್‌ನ ಮಾತು ಬೇಗ ಮುಗಿಸುತ್ತೇನೆ. ನಾಲ್ಕು ಉತ್ತರ ತೋರಿಸಿ ಒಂದನ್ನು ಒತ್ತು ಎನ್ನುತ್ತಿತ್ತು. ತಪ್ಪಾದರೆ ಇನ್ನೊಂದನ್ನು ಒತ್ತಿದರಾಯಿತು. ನಕ್ಷತ್ರ ಬೇಕಾದಷ್ಟು ಸಿಕ್ಕವು, ಮಗ್ಗಿ ಸಿಗಲಿಲ್ಲ.

ಹುಣಸೆ ಬೀಜ ಅದಕ್ಕಿಂತ ಎಷ್ಟೋ ಮೇಲು. ತಟ್ಟೆಯಲ್ಲಿ ನಾಲ್ಕು ನಾಲ್ಕು ಬೀಜಗಳ ಮೂರು ಸಾಲು. ತಟ್ಟೆಯನ್ನು ಕಾಲುಭಾಗ ತಿರುಗಿಸಿದರೆ ಮೂರು ಮೂರರ ನಾಲ್ಕು ಸಾಲು. ಬೀಜ ಅಷ್ಟೇ, ಎರಡು ಮಗ್ಗಿಯ ಉತ್ತರ ಒಂದೇ. ಇದು ತಿಳಿದದ್ದೇ ಮಗಳು ಮಗ್ಗಿ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಹೊಡೆದುಹಾಕತೊಡಗಿದಳು. ಹತ್ತರವರೆಗೆ 100 ಸಾಲು. ಒಂದನ್ನೂ ಹತ್ತನ್ನೂ ಬಿಟ್ಟರೆ 64. ತಿರುಗಿಸಿದರೆ ಒಂದೇ ಆಗುವವನ್ನು ಬಿಟ್ಟರೆ ನಿಜವಾಗಿ ಕಲಿಯಬೇಕಾದದ್ದು 36. ಆದರೆ ಏಳರ ಎಂಟು ಸಾಲು ಜೋಡಿಸುವಷ್ಟರಲ್ಲಿ 56 ಬೀಜ ಬೇಕು, ಎಣಿಕೆ ತಪ್ಪುತ್ತದೆ, ತಮ್ಮ ಬಂದು ಕಲಸಿಬಿಡುತ್ತಾನೆ. ಬೀಜದಿಂದ ಅರ್ಥ ಬಂತು, ವೇಗ ಬರಲಿಲ್ಲ.

ವೇಗ ಬಂದದ್ದು ಬಾಯಿಪಾಠದಿಂದ. ‘ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು’ ಎಂಬ ಅದೇ ಹಳೆಯ ರಾಗ. ಉರು ಹೊಡೆಯುವುದೆಂದರೆ ಮೂಗು ಮುರಿಯುವವರಿದ್ದಾರೆ, ಕಾಗುಣಿತದ ವಿಷಯದಲ್ಲಿ ನಾನೂ ಅವರ ಪಕ್ಷವೇ. ‘ಕ ಕಾ ಕಿ ಕೀ’ ಎಂದು ರಾಗವಾಗಿ ಹೇಳುವ ಮಗುವಿನ ಕಣ್ಣು ಅಕ್ಷರದ ಮೇಲಿರುವುದಿಲ್ಲ, ಕಿಟಕಿಯ ಹೊರಗಿರುತ್ತದೆ. ಅಕ್ಷರ ಕಣ್ಣಿನಿಂದ ಗುರುತಿಸಬೇಕಾದದ್ದು, ಹಾಗಾಗಿ ಅಲ್ಲಿ ರಾಗ ಉಪಯೋಗಕ್ಕೆ ಬರುವುದಿಲ್ಲ. ಮಗ್ಗಿ ಹಾಗಲ್ಲ. ‘ಏಳೆಂಟ್ಲೆ’ ಎಂದ ಕೂಡಲೇ ‘ಐವತ್ತಾರು’ ನಾಲಿಗೆಗೆ ಬರಬೇಕು, ಅಲ್ಲಿ ನೋಡುವುದಕ್ಕೆ ಏನೂ ಇಲ್ಲ. ರಾಗದ ದೋಷ ಒಂದೇ: ನಡುವಿನಿಂದ ಕೇಳಿದರೆ ಮಗು ಏಳೊಂದ್ಲೆಯಿಂದ ಶುರುಮಾಡುತ್ತದೆ. ರೊಟ್ಟಿ ಬಡಿಸುವಾಗ, ಜಡೆ ಹೆಣೆಯುವಾಗ ಅಡ್ಡಾದಿಡ್ಡಿ ಕೇಳುತ್ತಾ ಹೋದರೆ ಅದೂ ಹೋಗುತ್ತದೆ. ಆರೇಳ್ಲೆ, ಆರೆಂಟ್ಲೆ, ಏಳೆಂಟ್ಲೆ ಮಾತ್ರ ಕೊನೆಯವರೆಗೂ ಸತಾಯಿಸಿದವು.

ಇಪ್ಪತ್ತರವರೆಗೆ ಹೇಳಿಸಬೇಕೆಂಬುದು ನಮ್ಮ ಮಾವನವರ ಹಟ. ಅಂಗಡಿ ಲೆಕ್ಕ ಬರೆದವರು, ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನೂ ಬಲ್ಲವರು. ರೂಪಾಯಿಗೆ 16 ಆಣೆ ಇದ್ದ ಕಾಲಕ್ಕೆ ಹದಿನಾರರ ಮಗ್ಗಿ ಇಲ್ಲದೆ ಸಂತೆಗೆ ಹೋಗುವಂತಿರಲಿಲ್ಲ, ನಿಜ. 1957ರಲ್ಲಿ ನೂರು ಪೈಸೆಯ ರೂಪಾಯಿ ಬಂದ ಮೇಲೆ ಆ ತುರ್ತು ಇಲ್ಲ. ಹತ್ತರವರೆಗೆ ಗಟ್ಟಿಮಾಡಿಸಿ, ಡಜನ್ ಲೆಕ್ಕಕ್ಕೆಂದು ಹನ್ನೆರಡರದ್ದನ್ನು ಸೇರಿಸಿ ನಾನು ನಿಲ್ಲಿಸಿದೆ. ಹದಿಮೂರೇಳ್ಲೆ ಕೇಳಿದರೆ ಮಗಳು ಎಪ್ಪತ್ತು, ಇಪ್ಪತ್ತೊಂದು, ಒಟ್ಟು ತೊಂಬತ್ತೊಂದು ಎಂದು ಕೂಡಿಸಿಯೇ ಹೇಳುತ್ತಾಳೆ. ಮಾವನವರಿಗೆ ಅಷ್ಟು ಸಾಲದು. ಹದಿನಾರರದ್ದನ್ನು ಅವರೇ ಹೇಳಿಕೊಡುತ್ತಿದ್ದಾರೆ.